ವಾಟರ್ಲೂ: ತಡವಾಗಿ ತಲುಪಿದ ಚೀಟಿಗಳು

ಬೆಲ್ಜಿಯಂನ ವಾಟರ್ಲೂನಲ್ಲಿ ಫ್ರಾನ್ಸಿನ ಚಕ್ರವರ್ತಿ ನೆಪೋಲಿಯನ್ ಯಾಕೆ ಸೋತ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಳೆ ಬಂದು ನೆಲ ಕೆಸರಾಗಿತ್ತು. ಅವನಿಗೆ ಅವತ್ತು ಮೈ ಹುಷಾರಿರಲಿಲ್ಲ. ಅವನ ಸೇನಾಪತಿ ಗ್ರೂಷಿ ಸಮಯಕ್ಕೆ ಬರಲಿಲ್ಲ. ಇನ್ನೊಬ್ಬ ಸೇನಾಪತಿ ನೇಯ್‌ಗೆ ತಲೆ ಕೆಟ್ಟಿತ್ತು. ಎಲ್ಲದರಲ್ಲೂ ಒಂದಿಷ್ಟು ನಿಜ ಇದೆ. ಆದರೆ 1815ರ ಜೂನ್ 15ರಿಂದ 18ರವರೆಗಿನ ನಾಲ್ಕು ದಿನಗಳನ್ನು ಗಂಟೆಗಂಟೆಯ ಲೆಕ್ಕದಲ್ಲಿ ಓದುತ್ತಾ ಹೋದಾಗ ನನ್ನ ಕಣ್ಣು ಮತ್ತೆ ಮತ್ತೆ ಹೋಗಿದ್ದು ಕುದುರೆ ಸವಾರರ ಜೇಬಿನಲ್ಲಿದ್ದ ಕಾಗದಗಳ ಮೇಲೆ. ಯಾರು ಬರೆದರು, ಎಷ್ಟು ಹೊತ್ತಿಗೆ ಬರೆದರು, ಯಾವಾಗ ತಲುಪಿತು, ಓದಿದವನಿಗೆ ಏನು ಅರ್ಥವಾಯಿತು. ಈ ಪ್ರಕರಣವನ್ನು ಅಷ್ಟರ ಮಟ್ಟಿಗೆ ಮಾತ್ರ ನೋಡೋಣ. ಕತ್ತಿ, ಕುದುರೆ, ಫಿರಂಗಿಯ ಕಥೆ ಬೇಕಾದಷ್ಟು ಕಡೆ ಸಿಗುತ್ತದೆ.

ಮೊದಲು ಹಿನ್ನೆಲೆ, ಬೇಗ ಮುಗಿಸುತ್ತೇನೆ. 1814ರಲ್ಲಿ ಸೋತು ಎಲ್ಬಾ ದ್ವೀಪಕ್ಕೆ ಹೋಗಿದ್ದ ನೆಪೋಲಿಯನ್ 1815ರ ಫೆಬ್ರವರಿ 26ಕ್ಕೆ ಅಲ್ಲಿಂದ ತಪ್ಪಿಸಿಕೊಂಡ. ಮಾರ್ಚ್ 1ಕ್ಕೆ ಫ್ರಾನ್ಸಿನ ದಕ್ಷಿಣ ಕರಾವಳಿಗೆ ಬಂದಿಳಿದ. ಮಾರ್ಚ್ 20ಕ್ಕೆ ಪ್ಯಾರಿಸ್‌ನ ಅರಮನೆಯಲ್ಲಿದ್ದ. ಅವನನ್ನು ಹಿಡಿಯಲು ಕಳಿಸಿದ ಸೈನಿಕರೇ ಅವನ ಹಿಂದೆ ನಡೆದು ಬಂದಿದ್ದರು. ಇತ್ತ ಬ್ರಿಟನ್, ಪ್ರಷ್ಯಾ, ಆಸ್ಟ್ರಿಯಾ, ರಷ್ಯಾ ಸೇರಿ ಇವನನ್ನು ಮುಗಿಸಿಯೇ ಬಿಡಬೇಕು ಅಂತ ಕೂತವು. ನಾಲ್ವರೂ ಒಟ್ಟಿಗೆ ಬಂದರೆ ಕಷ್ಟ. ಹಾಗಾಗಿ ಆಸ್ಟ್ರಿಯಾ, ರಷ್ಯಾ ಬರುವ ಮೊದಲೇ ಬೆಲ್ಜಿಯಂನಲ್ಲಿದ್ದ ಇಬ್ಬರನ್ನು ಹೊಡೆದುಬಿಡಬೇಕು ಅಂತ ಅವನ ಲೆಕ್ಕ. ಒಬ್ಬ ವೆಲಿಂಗ್ಟನ್, ಬ್ರಿಟಿಷ್, ಡಚ್, ಜರ್ಮನ್ ಪಡೆಗಳ ಮಿಶ್ರ ಸೈನ್ಯದ ದಂಡನಾಯಕ. ಇನ್ನೊಬ್ಬ ಬ್ಲೂಖರ್, 72 ವರ್ಷದ ಪ್ರಷ್ಯನ್ ಮುದುಕ. ಇಬ್ಬರೂ ಸೇರಿದರೆ ನೆಪೋಲಿಯನ್‌ನ ಸುಮಾರು 1,20,000 ಜನ ಸಾಲುವುದಿಲ್ಲ. ಒಬ್ಬೊಬ್ಬರನ್ನೇ ಹಿಡಿದರೆ ಸಾಕು. ಯೋಜನೆ ಏನೂ ಕೆಟ್ಟದಿರಲಿಲ್ಲ, ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿತ್ತು.

ಆದರೆ ಆ ಸಲ ಅವನ ಬಳಿ ಬೆರ್ತಿಯೇ ಇರಲಿಲ್ಲ.

ಈ ಹೆಸರು ಜಾಸ್ತಿ ಜನಕ್ಕೆ ಗೊತ್ತಿಲ್ಲ. 1796ರ ಇಟಲಿ ಯುದ್ಧದಿಂದ 1814ರವರೆಗೆ ನೆಪೋಲಿಯನ್‌ನ ತಲೆಯಲ್ಲಿದ್ದದ್ದನ್ನು ಕಾಗದಕ್ಕೆ ಇಳಿಸುತ್ತಿದ್ದವನು ಈತ. ಚಕ್ರವರ್ತಿ ಓಡಾಡುತ್ತಾ, ಅರ್ಧ ಅರ್ಧ ವಾಕ್ಯದಲ್ಲಿ ಏನೋ ಹೇಳುತ್ತಿದ್ದ. ಬೆರ್ತಿಯೇ ಅದನ್ನು ಯಾರಿಗೆ, ಯಾವ ದಾರಿಯಲ್ಲಿ, ಎಷ್ಟು ಗಂಟೆಗೆ ಅಂತ ಬಿಡಿಸಿ ಬರೆದು, ಮುಖ್ಯವಾದ ಆದೇಶವಾದರೆ ಬೇರೆ ಬೇರೆ ಸವಾರರ ಕೈಲಿ ಬೇರೆ ಬೇರೆ ದಾರಿಯಲ್ಲಿ ಪ್ರತಿಗಳನ್ನು ಕಳಿಸುತ್ತಿದ್ದ. ಒಬ್ಬ ಸತ್ತರೂ ಇನ್ನೊಬ್ಬ ತಲುಪುತ್ತಾನೆ. ಮಂಕು ಕೆಲಸ, ಯಾರೂ ಚಪ್ಪಾಳೆ ತಟ್ಟದ ಕೆಲಸ. 1815ರಲ್ಲಿ ಆತ ಮತ್ತೆ ಬಂದು ಸೇರಲಿಲ್ಲ. ಜೂನ್ 1ರಂದು ಜರ್ಮನಿಯ ಬಾಂಬರ್ಗ್‌ನಲ್ಲಿ ಮೇಲಿನ ಕಿಟಕಿಯಿಂದ ಬಿದ್ದು ಸತ್ತ. ಜಾರಿ ಬಿದ್ದನೋ, ತಾನೇ ಹಾರಿದನೋ ಇವತ್ತಿಗೂ ಗೊತ್ತಿಲ್ಲ.

ಅವನ ಜಾಗಕ್ಕೆ ಮಾರ್ಷಲ್ ಸುಲ್ಟ್ ಬಂದ. ಒಳ್ಳೆಯ ಸೇನಾಪತಿ, ಸ್ಪೇನ್‌ನಲ್ಲಿ ವೆಲಿಂಗ್ಟನ್ ಜೊತೆ ಕಾದಾಡಿದವನು. ಆದರೆ ಚಕ್ರವರ್ತಿಯ ಗುಮಾಸ್ತನ ಕೆಲಸ ಅವನಿಗೆ ಹೊಸದು. ಚೆನ್ನಾಗಿ ಗಾಡಿ ಓಡಿಸುತ್ತಿದ್ದವನನ್ನು ಇಳಿಸಿ ಕಂಟ್ರೋಲ್ ರೂಮಿನಲ್ಲಿ ಕೂರಿಸಿದ ಹಾಗೆ. ಇತ್ತ ಅತ್ಯಂತ ಶಿಸ್ತಿನ ಮಾರ್ಷಲ್ ಅನಿಸಿಕೊಂಡಿದ್ದ ದಾವೂನನ್ನು ಪ್ಯಾರಿಸ್‌ನಲ್ಲಿ ಯುದ್ಧಮಂತ್ರಿ ಮಾಡಿ ಬಿಟ್ಟು ಬಂದಿದ್ದರು. ಯಾರನ್ನು ಎಲ್ಲಿ ಕೂರಿಸಬೇಕು ಅನ್ನೋದರಲ್ಲೇ ಮೊದಲ ಎಡವಟ್ಟು ಆಗಿತ್ತು ಅಂತ ನನ್ನ ಅಭಿಪ್ರಾಯ.

ಜೂನ್ 15ರ ಬೆಳಗಿನ ಜಾವ ಸೈನ್ಯ ಗಡಿ ದಾಟಬೇಕು. ವಾಂದಾಮ್ ಅನ್ನುವ ಜನರಲ್ ತನ್ನ ದಳದ ಜೊತೆ ಮುಂದೆ ಹೊರಡಬೇಕು. ಆದೇಶ ಹೋಯಿತು, ಒಬ್ಬನೇ ಸವಾರನ ಕೈಲಿ. ಕತ್ತಲಲ್ಲಿ ಅವನು ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡ. ವಾಂದಾಮ್‌ನ ಜನ ಏನೂ ಗೊತ್ತಿಲ್ಲದೆ ಬಿಡಾರದಲ್ಲೇ ಕೂತಿದ್ದರು, ಹಿಂದಿನಿಂದ ಬಂದ ದಳ ಅವರಿಗೆ ಬಂದು ಡಿಕ್ಕಿ ಹೊಡೆಯುವವರೆಗೂ. ಗಂಟೆಗಟ್ಟಲೆ ಹಾಳಾಯಿತು. ಅವತ್ತು ಅದರಿಂದ ಮಹಾ ಅನಾಹುತವೇನೂ ಆಗಲಿಲ್ಲ. ಶಾರ್ಲ್‌ರ್ವಾದಲ್ಲಿ ಸಾಂಬ್ರ್ ನದಿ ದಾಟಿದರು. ವೆಲಿಂಗ್ಟನ್ ಆ ರಾತ್ರಿ ಬ್ರಸೆಲ್ಸ್‌ನಲ್ಲಿ ರಿಚ್ಮಂಡ್ ಡಚೆಸ್ ಮನೆಯ ನೃತ್ಯಕೂಟದಲ್ಲಿದ್ದ, ಅಲ್ಲಿಗೇ ಸುದ್ದಿ ಬಂತು. ಅಂದರೆ ಕಾಲು ಮುರಿದ ಸವಾರನ ನಂತರವೂ ನೆಪೋಲಿಯನ್ ಒಂದು ಹೆಜ್ಜೆ ಮುಂದಿದ್ದ.

ಜೂನ್ 16ರಂದು ಎರಡು ಯುದ್ಧ ಒಟ್ಟಿಗೆ ನಡೆದವು. ಲಿನ್ಯಿ ಅನ್ನುವ ಹಳ್ಳಿಯಲ್ಲಿ ನೆಪೋಲಿಯನ್ ಪ್ರಷ್ಯನ್ನರನ್ನು ಹೊಡೆಯುತ್ತಿದ್ದ. ಅಲ್ಲಿಂದ ವಾಯವ್ಯಕ್ಕೆ, ಕಾತ್ರ್ ಬ್ರಾ ಅನ್ನುವ ನಾಲ್ಕು ದಾರಿ ಸೇರುವ ಕಡೆ, ನೇಯ್ ವೆಲಿಂಗ್ಟನ್‌ನನ್ನು ತಡೆಯುತ್ತಿದ್ದ. ಇವೆರಡರ ನಡುವೆ ದೆರ್ಲೋನ್ ಅನ್ನುವ ಜನರಲ್‌ನ 20,000 ಜನ, ಇನ್ನೂ ಒಂದು ಗುಂಡೂ ಹಾರಿಸದೆ, ನೇಯ್ ಕಡೆಗೆ ನಡೆದು ಹೋಗುತ್ತಿದ್ದರು. ಆಗ ಚಕ್ರವರ್ತಿಯ ಕಡೆಯಿಂದ ಒಬ್ಬ ಅಧಿಕಾರಿ ಬಂದ. ಲಿನ್ಯಿಗೆ ತಿರುಗಿ ಅಂದ. ಆ ಅಧಿಕಾರಿ ಯಾರು, ಚೀಟಿಯಲ್ಲಿ ಏನಿತ್ತು ಅಂತ ಇವತ್ತಿಗೂ ವಾದ ನಡೆಯುತ್ತಿದೆ. ದೆರ್ಲೋನ್ ತಿರುಗಿದ. ಆದರೆ ಬರಬೇಕಾದ ದಿಕ್ಕಿನಲ್ಲಿ ಬರದೆ ಫ್ರೆಂಚರ ಬೆನ್ನ ಹಿಂದೆಯೇ ಬಂದು ಕಾಣಿಸಿಕೊಂಡ. ಇವರು ಶತ್ರುಗಳಿರಬೇಕು ಅಂದುಕೊಂಡು ನೆಪೋಲಿಯನ್ ತನ್ನ ಕೊನೆಯ ದಾಳಿಯನ್ನೇ ನಿಲ್ಲಿಸಿ, ಯಾರು ಅಂತ ನೋಡಿಕೊಂಡು ಬರಲು ಜನ ಕಳಿಸಿದ. ಅವರು ನಮ್ಮವರೇ ಅಂತ ಗೊತ್ತಾಗುವಷ್ಟರಲ್ಲಿ ಅತ್ತ ನೇಯ್ ಕೆಂಡಾಮಂಡಲವಾಗಿದ್ದ. ನನ್ನ ಜನರನ್ನು ಯಾರು ತಿರುಗಿಸಿದ್ದು, ಕೂಡಲೇ ವಾಪಸ್ ಬಾ ಅಂತ ಅವನ ಆದೇಶ ಬಂತು. ದೆರ್ಲೋನ್ ಮತ್ತೆ ತಿರುಗಿದ. ಕಾತ್ರ್ ಬ್ರಾಗೆ ಬಂದಾಗ ಕತ್ತಲಾಗಿತ್ತು, ಯುದ್ಧ ಮುಗಿದಿತ್ತು.

ಎರಡು ಯುದ್ಧದ ಸದ್ದು ಕೇಳುತ್ತಾ, ಎರಡರಲ್ಲೂ ಸೇರದೆ, 20,000 ಜನ ಒಂದು ದಿನವಿಡೀ ಸುಮ್ನೆ ಅತ್ತಿಂದಿತ್ತ ನಡೆದರು. ಲಿನ್ಯಿಯಲ್ಲಿ ಇವರು ಸರಿಯಾದ ಕಡೆಯಿಂದ ಬಿದ್ದಿದ್ದರೆ ಬ್ಲೂಖರ್‌ನ ಕಥೆ ಅವತ್ತೇ ಮುಗಿಯುತ್ತಿತ್ತೇನೋ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಚೀಟಿ ಎಡವಟ್ಟು ಫ್ರೆಂಚರ ಸ್ವತ್ತೇನಲ್ಲ. ಬ್ಲೂಖರ್‌ನ ಮುಖ್ಯ ಸಹಾಯಕ ಗ್ನೈಸೆನೌ ತನ್ನ ಬ್ಯೂಲೋ ಅನ್ನುವ ಜನರಲ್‌ಗೆ ಬೇಗ ಬಂದು ಸೇರಿಕೋ ಅಂತ ಬರೆದಿದ್ದ. ಬ್ಯೂಲೋ ಇವನಿಗಿಂತ ಹಿರಿಯ, ಸ್ವಲ್ಪ ಮೂಗಿನ ಮೇಲೆ ಕೋಪದವನು. ಅವನಿಗೆ ಬೇಸರ ಆಗದಿರಲಿ ಅಂತ ಎಷ್ಟು ನಯವಾಗಿ ಬರೆದ ಅಂದರೆ, ಅವಸರ ಏನೂ ಇಲ್ಲ ಅಂತ ಬ್ಯೂಲೋಗೆ ಅರ್ಥವಾಯಿತು. ಅವನ ದಳ, ಸುಮಾರು 30,000 ಜನ, ಲಿನ್ಯಿ ಯುದ್ಧಕ್ಕೆ ಬರಲೇ ಇಲ್ಲ. ದೊಡ್ಡವರಿಗೆ ಮರ್ಯಾದೆ ಕೊಟ್ಟು ಬರೆಯಲು ಹೋಗಿ ವಿಷಯವನ್ನೇ ನುಂಗಿಬಿಡುವುದು ನಮಗೂ ಹೊಸದಲ್ಲ, ಅಲ್ವಾ. ಹಾಗಾಗಿ ತಪ್ಪು ಚೀಟಿ ಬರೆದವರೆಲ್ಲ ಸೋತರು ಅಂತ ನಾನು ಹೇಳುತ್ತಿಲ್ಲ. ಚೀಟಿ ಕೈಕೊಟ್ಟಾಗ ಯಾರು ಏನು ಮಾಡಿದರು ಅನ್ನೋದು ನೋಡಬೇಕಾದ ವಿಷಯ.

ಲಿನ್ಯಿಯಲ್ಲಿ ಪ್ರಷ್ಯನ್ನರು ಸೋತರು. ಬ್ಲೂಖರ್ ಕುದುರೆ ಕೆಳಗೆ ಸಿಕ್ಕಿಬಿದ್ದಿದ್ದ, ಮೇಲೆಯೇ ಫ್ರೆಂಚ್ ಅಶ್ವದಳ ಹಾದುಹೋಯಿತು, ಹೇಗೋ ಉಳಿದ. ಅವನು ಎಲ್ಲಿದ್ದಾನೆ ಅಂತಲೇ ಗೊತ್ತಿಲ್ಲದ ಹೊತ್ತಿನಲ್ಲಿ ಗ್ನೈಸೆನೌ ಸೈನ್ಯವನ್ನು ಉತ್ತರಕ್ಕೆ, ವಾವ್ರ್ ಕಡೆಗೆ ಹಿಂದೆ ಸರಿಸಿದ. ಪೂರ್ವಕ್ಕೆ ಲಿಯೇಜ್ ಕಡೆ ಹೋಗಿದ್ದರೆ ತಮ್ಮ ದೇಶದ ದಾರಿ, ಕ್ಷೇಮ. ವಾವ್ರ್ ಅಂದರೆ ವೆಲಿಂಗ್ಟನ್‌ಗೆ ಹತ್ತಿರ. ನಾಯಕನೇ ಇಲ್ಲದಾಗ ಎರಡನೆಯವನು ತೆಗೆದುಕೊಂಡ ತೀರ್ಮಾನ ಅದು. ಇದನ್ನು ನೆನಪಿಟ್ಟುಕೊಳ್ಳಿ, ಗ್ರೂಷಿ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಗ್ರೂಷಿಗೆ ಬಂದ ಕಾಗದಗಳು

17ರ ಬೆಳಿಗ್ಗೆ ನೆಪೋಲಿಯನ್ ಆರಾಮಾಗಿದ್ದ. ಯುದ್ಧಭೂಮಿ ಸುತ್ತಿದ, ಗಾಯಗೊಂಡವರನ್ನು ಮಾತಾಡಿಸಿದ, ಪ್ಯಾರಿಸ್ ರಾಜಕೀಯ ಚರ್ಚಿಸಿದ. ಮಧ್ಯಾಹ್ನದ ಹೊತ್ತಿಗೆ ಮಾರ್ಷಲ್ ಗ್ರೂಷಿಗೆ ಸುಮಾರು 33,000 ಜನ ಕೊಟ್ಟು ಪ್ರಷ್ಯನ್ನರ ಬೆನ್ನು ಹತ್ತು ಅಂದ. ಅಷ್ಟರಲ್ಲಿ ಪ್ರಷ್ಯನ್ನರ ಸುಳಿವೇ ತಪ್ಪಿಹೋಗಿತ್ತು. ಜೆಂಬ್ಲು ಊರಿಗೆ ಹೋಗಿ, ನಾಮೂರ್ ಮತ್ತು ಮಾಸ್ಟ್ರಿಕ್ಟ್ ದಿಕ್ಕಿನಲ್ಲಿ ಹುಡುಕು, ಅವರು ಇಂಗ್ಲಿಷರ ಜೊತೆ ಸೇರುತ್ತಾರೋ ದೂರ ಹೋಗುತ್ತಾರೋ ನೋಡು ಅಂತ ಆದೇಶ. ಹುಡುಕಲು ಹೇಳಿದ್ದು ಪೂರ್ವಕ್ಕೆ. ಅವರು ಹೋಗುತ್ತಿದ್ದದ್ದು ಉತ್ತರಕ್ಕೆ.

ಮಧ್ಯಾಹ್ನದಿಂದ ಮಳೆ ಹಿಡಿಯಿತು, ಆಕಾಶ ತೂತು ಬಿದ್ದ ಹಾಗೆ. ರಾತ್ರಿ 10ಕ್ಕೆ ಗ್ರೂಷಿ ಜೆಂಬ್ಲುವಿನಿಂದ ಕಾಗದ ಬರೆದ. ಪ್ರಷ್ಯನ್ನರು ಒಡೆದು ಹೋದಂತಿದೆ, ಒಂದು ಭಾಗ ವಾವ್ರ್ ಕಡೆ ಹೋಗಿರಬಹುದು, ಹಾಗಾದರೆ ನಾನೂ ಆ ಕಡೆ ಹೋಗಿ ಅವರು ವೆಲಿಂಗ್ಟನ್ ಜೊತೆ ಸೇರದ ಹಾಗೆ ನೋಡಿಕೊಳ್ಳುತ್ತೇನೆ ಅಂತ. ಈ ಕಾಗದ ರಾತ್ರಿ 2ರ ಸುಮಾರಿಗೆ ಚಕ್ರವರ್ತಿಯ ಬಿಡಾರ ತಲುಪಿತು. ಉತ್ತರ ಬರೆದದ್ದು ಬೆಳಿಗ್ಗೆ 10ಕ್ಕೆ.

ಎಂಟು ಗಂಟೆ. ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಕೊರೆಯುವುದು ಈ ಎಂಟು ಗಂಟೆ. ಯುದ್ಧ ಶುರುವಾಗಿರಲಿಲ್ಲ. ನೆಲ ಒಣಗಲಿ ಅಂತ ಕಾಯುತ್ತಿದ್ದರು. ಅಂದರೆ ಬರೆಯಲು ಪುರುಸೊತ್ತು ಇತ್ತು.

ಆ ಹೊತ್ತಿನಲ್ಲಿ ಏನಾಯಿತು ಅಂತಲೂ ಗೊತ್ತಿದೆ. ಲ ಕೈಯು ಅನ್ನುವ ತೋಟದ ಮನೆಯಲ್ಲಿ ಬೆಳಿಗ್ಗೆ 8ಕ್ಕೆ ಬೆಳ್ಳಿ ತಟ್ಟೆಯಲ್ಲಿ ಉಪಾಹಾರ. ಸುಲ್ಟ್ ಹೇಳಿದ, ಗ್ರೂಷಿಯ ಜನರಲ್ಲಿ ಒಂದಿಷ್ಟನ್ನಾದರೂ ವಾಪಸ್ ಕರೆಸೋಣ ಅಂತ. ನೆಪೋಲಿಯನ್ ಗದರಿದ. ವೆಲಿಂಗ್ಟನ್ ನಿನ್ನನ್ನು ಸೋಲಿಸಿದ ಅಂತ ಅವನು ನಿನಗೆ ದೊಡ್ಡ ಸೇನಾಪತಿ. ನಾನು ಹೇಳುತ್ತೇನೆ ಕೇಳು, ಅವನು ಕೆಟ್ಟ ಸೇನಾಪತಿ, ಇಂಗ್ಲಿಷರು ಕೆಟ್ಟ ಪಡೆ, ಇದು ಬೆಳಗಿನ ತಿಂಡಿ ತಿಂದಷ್ಟೇ ಸುಲಭ ಅಂದ. ಆಮೇಲೆ ಅವನ ತಮ್ಮ ಜೆರೋಮ್ ಇನ್ನೊಂದು ಸುದ್ದಿ ಹೇಳಿದ. ಹಿಂದಿನ ರಾತ್ರಿ ಜೆನಾಪ್ ಊರಿನ ಹೋಟೆಲಿನಲ್ಲಿ ಊಟ ಬಡಿಸಿದ ಮಾಣಿ, ಅದಕ್ಕೂ ಮೊದಲು ಅಲ್ಲೇ ಉಂಡಿದ್ದ ವೆಲಿಂಗ್ಟನ್ ಕಡೆಯವರು ಮಾತಾಡಿದ್ದನ್ನು ಕೇಳಿಸಿಕೊಂಡಿದ್ದನಂತೆ. ಪ್ರಷ್ಯನ್ನರು ವಾವ್ರ್‌ನಿಂದ ಬಂದು ಸೇರುತ್ತಾರೆ ಅಂತ. ಅಸಂಬದ್ಧ ಅಂತ ನೆಪೋಲಿಯನ್ ತಳ್ಳಿಹಾಕಿದ. ಆ ನಾಲ್ಕು ದಿನಗಳಲ್ಲಿ ಅವನ ಕಿವಿಗೆ ಬಿದ್ದ ಅತ್ಯಂತ ನಿಖರವಾದ ಮಾಹಿತಿ ಹೋಟೆಲ್ ಮಾಣಿಯದ್ದು.

ಸರಿ, 10 ಗಂಟೆಯ ಉತ್ತರದಲ್ಲಿ ಏನಿತ್ತು? ನೀನು ವಾವ್ರ್ ಕಡೆ ನಡೆ, ನಮಗೆ ಹತ್ತಿರವಾಗುವ ಹಾಗೆ, ಅಲ್ಲಿರುವ ಪ್ರಷ್ಯನ್ನರನ್ನು ಮುಂದಕ್ಕೆ ಅಟ್ಟುತ್ತಾ ಹೋಗು. ನಕ್ಷೆ ಇಟ್ಟುಕೊಂಡು ಓದಿ. ವಾವ್ರ್ ಉತ್ತರಕ್ಕೆ, ಚಕ್ರವರ್ತಿ ಪಶ್ಚಿಮಕ್ಕೆ. ಎರಡೂ ಒಟ್ಟಿಗೆ ಆಗುವುದಿಲ್ಲ. ಇನ್ನು ಪ್ರಷ್ಯನ್ನರನ್ನು ಹಿಂದಿನಿಂದ ಅಟ್ಟಿದರೆ ಅವರು ಹೋಗಿ ಬೀಳುವುದು ವೆಲಿಂಗ್ಟನ್ ಪಕ್ಕಕ್ಕೇ. ಗ್ರೂಷಿ ಇದರಲ್ಲಿ ತನಗೆ ಅರ್ಥವಾದ ಒಂದೇ ಮಾತನ್ನು ಹಿಡಿದುಕೊಂಡ, ವಾವ್ರ್. ಅದೂ ಈ ಕಾಗದ ಅವನ ಕೈಗೆ ಸಿಕ್ಕಿದ್ದು ಸಂಜೆ 4ರ ಆಸುಪಾಸಿಗೆ.

ಅದಕ್ಕೆ ಮೊದಲೇ, ಮಧ್ಯಾಹ್ನ 12ರ ಹೊತ್ತಿಗೆ, ಆ ಪ್ರಸಿದ್ಧ ಪ್ರಸಂಗ ನಡೆದಿತ್ತು. ವಾಲೆಂ ಊರಿನ ಒಬ್ಬ ನೋಟರಿಯ ಮನೆಯಲ್ಲಿ ಗ್ರೂಷಿ ಸ್ಟ್ರಾಬೆರಿ ತಿನ್ನುತ್ತಿದ್ದಾಗ ಪಶ್ಚಿಮದಿಂದ ಫಿರಂಗಿ ಸದ್ದು ಕೇಳಿತು. ಸದ್ದು ಬಂದ ಕಡೆ ಹೋಗೋಣ ಅಂತ ಜನರಲ್ ಜೆರಾರ್ ಗಂಟಲು ಹರಿಯುವ ಹಾಗೆ ಹೇಳಿದ, ಅದೂ ಎಲ್ಲರ ಎದುರಿಗೆ. ಗ್ರೂಷಿ ಒಪ್ಪಲಿಲ್ಲ. ನನಗೆ ಕೊಟ್ಟ ಆದೇಶ ಪ್ರಷ್ಯನ್ನರ ಹಿಂದೆ ಹೋಗು ಅಂತ. ಗ್ರೂಷಿಯನ್ನು ಬೈಯುವುದು ಸುಲಭ, ಇನ್ನೂರು ವರ್ಷದಿಂದ ಬೈಯುತ್ತಲೇ ಇದ್ದಾರೆ. ಆದರೆ ಎರಡು ದಿನ ಹಿಂದೆ ಇದೇ ಸೈನ್ಯದಲ್ಲಿ ನೇಯ್‌ಗೆ, ದೆರ್ಲೋನ್‌ಗೆ ಏನಾಯಿತು ನೋಡಿ. ಜೊತೆಗೆ ಹೇಳಿದಷ್ಟು ಮಾಡು, ಯೋಚನೆ ನಾನು ಮಾಡುತ್ತೇನೆ ಅಂತ ಹದಿನೈದು ವರ್ಷ ಎಲ್ಲರನ್ನೂ ಪಳಗಿಸಿದವನು ಯಾರು? ಗ್ನೈಸೆನೌ ಬ್ಲೂಖರ್ ಇಲ್ಲದೆಯೂ ತೀರ್ಮಾನ ತೆಗೆದುಕೊಂಡ. ಗ್ರೂಷಿ ಕಾಗದಕ್ಕೆ ಕಾಯುತ್ತಿದ್ದ.

ಇನ್ನೊಂದು ಕಾಗದ ಬರೆದದ್ದು ಮಧ್ಯಾಹ್ನ 1ಕ್ಕೆ. ಮೊದಲಿಗೆ, ನೀನು ವಾವ್ರ್‌ಗೆ ಹೋಗುತ್ತಿರುವುದು ಸರಿಯಾಗಿದೆ ಅಂತ ಒಪ್ಪಿಗೆ. ಬರೆದು ಮುಗಿಸುವಷ್ಟರಲ್ಲಿ ಬಲಗಡೆ, ಸಾಂ ಲಾಂಬೆರ್ ದಿಣ್ಣೆ ಮೇಲೆ ಕಪ್ಪಗೆ ಏನೋ ಅಲುಗಾಡುವುದು ಕಂಡಿತು. ಸೆರೆ ಸಿಕ್ಕ ಪ್ರಷ್ಯನ್ ಸವಾರನ ಹತ್ತಿರ ಇದ್ದ ಕಾಗದದಿಂದ ಗೊತ್ತಾಯಿತು, ಅದು ಬ್ಯೂಲೋ. ಲಿನ್ಯಿಗೆ ಬಾರದೆ ಉಳಿದಿದ್ದ ಅದೇ ಬ್ಯೂಲೋ, ಅದೇ ದಣಿಯದ 30,000 ಜನ. ಆಗ ಕಾಗದದ ಕೊನೆಗೆ ಒಂದು ಟಿಪ್ಪಣಿ ಸೇರಿಸಿದರು. ಒಂದು ಕ್ಷಣವೂ ತಡಮಾಡದೆ ನಮ್ಮ ಕಡೆ ಬಾ, ಬ್ಯೂಲೋನನ್ನು ಜಜ್ಜಿಹಾಕು ಅಂತ. ಉದ್ದುದ್ದ ಮೇಲ್ ಬರೆದು ಮುಖ್ಯ ವಿಷಯವನ್ನು ಹೆಸರಿನ ಕೆಳಗೆ ಒಂದು ಸಾಲಿನಲ್ಲಿ ಇಡುವವರನ್ನು ನೀವೂ ನೋಡಿರುತ್ತೀರಿ. ಇದೇ ಕಾಗದದಲ್ಲಿ ಯುದ್ಧ ಶುರುವಾಗಿದೆ ಅನ್ನೋದಕ್ಕೆ ‘ಆಂಗಾಜೇ’ ಅನ್ನುವ ಫ್ರೆಂಚ್ ಪದ ಬರೆದಿದ್ದರು. ಕೈಬರಹ ಎಷ್ಟು ಹದಗೆಟ್ಟಿತ್ತೆಂದರೆ ಅದನ್ನು ‘ಗಾನ್ಯೇ’, ಅಂದರೆ ಗೆದ್ದಾಗಿದೆ, ಅಂತ ಓದಿಕೊಂಡರು ಅನ್ನುವ ಕಥೆಯೂ ಇದೆ. ಕಾಗದ ತಲುಪಿದ್ದು ಸಂಜೆ 5 ದಾಟಿದ ಮೇಲೆ. ಆಗ ಗ್ರೂಷಿ ಪ್ರಷ್ಯನ್ನರ ಹಿಂಬದಿಯ ದಳದ ಜೊತೆ ವಾವ್ರ್‌ನಲ್ಲಿ ಕಾದಾಡುತ್ತಿದ್ದ. ಬಂದರೂ ಬೆಳಕಿರುವಾಗ ಬರಲು ಆಗುತ್ತಿರಲಿಲ್ಲ.

ಆ ಕಡೆಯ ಚೀಟಿ

ವೆಲಿಂಗ್ಟನ್ ಬಗ್ಗೆ ನನಗೆ ದೊಡ್ಡ ಅಭಿಮಾನವೇನಿಲ್ಲ. ಅವತ್ತು ಅವನೂ ಸುಮಾರು 17,000 ಜನರನ್ನು ದೂರದ ಹಾಲ್ ಊರಿನ ಕಡೆ ಬಿಟ್ಟು, ಕರೆಸದೇ ಉಳಿದ. ಆದರೆ ಅವನ ಒಂದು ಚೀಟಿ ಉಳಿದುಬಂದಿದೆ. ಒರೆಸಿ ಮತ್ತೆ ಬರೆಯಬಹುದಾದ ಹದ ಮಾಡಿದ ತೊಗಲಿನ ತುಂಡು, ಅದರ ಮೇಲೆ ಪೆನ್ಸಿಲ್. ಊಗುಮೋಂ ಅನ್ನುವ ತೋಟದ ಮನೆಯನ್ನು ಅವನ ಜನ ಹಿಡಿದುಕೊಂಡಿದ್ದರು, ಫ್ರೆಂಚರು ಬೆಂಕಿ ಬೀಳಿಸಿದ್ದರು. ಅವನು ಕುದುರೆ ಮೇಲೆ ಕೂತೇ ಬರೆದದ್ದರ ಸಾರಾಂಶ ಇದು: ಬೆಂಕಿ ಹುಲ್ಲಿನ ಬಣವೆಯಿಂದ ಮನೆಯ ಮಾಡಿಗೆ ಹಬ್ಬಿದ್ದು ಕಾಣುತ್ತಿದೆ. ಬೆಂಕಿ ತಲುಪದ ಕಡೆ ನಿಮ್ಮ ಜನರನ್ನು ಇಟ್ಟುಕೊಳ್ಳಿ. ಮಾಡು, ಅಟ್ಟ ಕುಸಿದು ಯಾರೂ ಸಾಯದ ಹಾಗೆ ನೋಡಿಕೊಳ್ಳಿ. ಕುಸಿದ ಮೇಲೆ ಒಳಗಿನ ಮುರುಕು ಗೋಡೆಗಳನ್ನು ಹಿಡಿಯಿರಿ, ಕೆಂಡ ದಾಟಿಕೊಂಡು ಶತ್ರು ಒಳಗೆ ಬರುವಂತಿದ್ದರೆ ಮುಖ್ಯವಾಗಿ ಹಾಗೆ ಮಾಡಿ.

ಸುತ್ತ ಗುಂಡು ಹಾರುತ್ತಿದೆ, ಈತ ಮಾಡು ಕುಸಿಯುವ ಬಗ್ಗೆ, ಕುಸಿದ ನಂತರದ ಬಗ್ಗೆ ಯೋಚಿಸುತ್ತಿದ್ದಾನೆ. ಓದಿದವನಿಗೆ ಕೇಳಲು ಪ್ರಶ್ನೆಯೇ ಉಳಿಯುವುದಿಲ್ಲ. ಊಗುಮೋಂ ಕೊನೆಯವರೆಗೂ ಬೀಳಲಿಲ್ಲ.

ಬ್ಲೂಖರ್ ಕಡೆಯಿಂದಲೂ ವೆಲಿಂಗ್ಟನ್‌ಗೆ ಬೆಳಗಾಗುವ ಮೊದಲೇ ಮಾತು ಬಂದಿತ್ತು, ಬರುತ್ತೇವೆ ಅಂತ. ಆ ಮಾತು ನಂಬಿಯೇ ಅವನು ಅಲ್ಲಿ ನಿಂತಿದ್ದ. ಬ್ಲೂಖರ್ ಜಜ್ಜಿದ ಮೈಗೆ ಜಿನ್, ರೂಬಾರ್ಬ್ ತಿಕ್ಕಿಸಿಕೊಂಡು, ನಾನು ಸ್ವಲ್ಪ ನಾರುತ್ತಿದ್ದೇನೆ ಅಂತ ತಾನೇ ಹೇಳಿಕೊಂಡು, ಕೆಸರಲ್ಲಿ ಹೂತ ಫಿರಂಗಿ ಎಳೆಯುತ್ತಿದ್ದ ಸೈನಿಕರ ಬೆನ್ನು ಹತ್ತಿದ್ದ. ವೆಲಿಂಗ್ಟನ್‌ಗೆ ಮಾತು ಕೊಟ್ಟಿದ್ದೇನೆ, ಮುರಿಸುತ್ತೀರಾ ನನ್ನ ಕೈಲಿ ಅಂತ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಯುದ್ಧ ಶುರುವಾದದ್ದು 11.30ರ ಸುಮಾರಿಗೆ. ನೆಪೋಲಿಯನ್ ಹತ್ತಿರ ಸುಮಾರು 73,000, ವೆಲಿಂಗ್ಟನ್ ಹತ್ತಿರ 68,000. ಮಧ್ಯಾಹ್ನ ದೆರ್ಲೋನ್‌ನ ದಾಳಿ ಒಡೆಯಿತು. 4ರ ಮೇಲೆ ನೇಯ್ ಕಾಲಾಳು ಜೊತೆಗಿಲ್ಲದೆ ಬರೀ ಕುದುರೆಗಳನ್ನು ನುಗ್ಗಿಸಿದ, ಚೌಕಾಕಾರ ಕಟ್ಟಿ ನಿಂತಿದ್ದ ಬ್ರಿಟಿಷ್ ಕಾಲಾಳುಗಳು ಅಲ್ಲಾಡಲಿಲ್ಲ. ಬಲಗಡೆ ಬ್ಯೂಲೋ ಬಂದು ಪ್ಲಾನ್ಸ್‌ನ್ವಾ ಹಳ್ಳಿಗೆ ಬಿದ್ದ, ಅಲ್ಲಿಗೆ ಇದ್ದಬದ್ದ ಮೀಸಲು ಪಡೆ ಹೋಯಿತು. ಸಂಜೆ 6ರ ನಂತರ ಲಾ ಹೇ ಸಾಂತ್ ತೋಟದ ಮನೆ ಫ್ರೆಂಚರ ಕೈಗೆ ಬಂತು, ಒಳಗಿದ್ದ ಜರ್ಮನ್ನರಿಗೆ ಗುಂಡು ಮುಗಿದಿತ್ತು. ವೆಲಿಂಗ್ಟನ್‌ನ ನಡುಭಾಗ ತೂಗಾಡುತ್ತಿತ್ತು. ನೇಯ್ ಇನ್ನಷ್ಟು ಜನ ಕಳಿಸಿ ಅಂದ. ಎಲ್ಲಿಂದ ತರಲಿ, ತಯಾರು ಮಾಡಿಕೊಡಲಾ ಅಂತ ನೆಪೋಲಿಯನ್ ಕೇಳಿದ.

ಆಮೇಲೆ ಅವನು ಕೊನೆಯ ಸಂದೇಶ ಕಳಿಸಿದ. ಸಂಜೆ 7ರ ಮೇಲೆ, ತನ್ನ ಖಾಸಾ ಪಡೆಯನ್ನು ದಿಣ್ಣೆ ಹತ್ತಿಸುವ ಮೊದಲು, ಬಲಗಡೆ ಹೊಗೆಯಲ್ಲಿ ಹೊಸ ಪಡೆ ಬರುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು. ಸಾಲಿನುದ್ದಕ್ಕೂ ಸವಾರರನ್ನು ಓಡಿಸಿ ಸಾರಿಸಿದ, ಗ್ರೂಷಿ ಬಂದ, ಗ್ರೂಷಿ ಬಂದ! ಬಂದದ್ದು ಗ್ರೂಷಿ ಅಲ್ಲ ಅಂತ ಅವನಿಗೆ ಗೊತ್ತಿತ್ತು. ಈ ಒಂದು ಸಂದೇಶ ಮಾತ್ರ ಅವತ್ತು ಬೇಗ ತಲುಪಿತು, ಸ್ಪಷ್ಟವಾಗಿ ತಲುಪಿತು, ಎಲ್ಲರಿಗೂ ತಲುಪಿತು. ಸುಸ್ತಾಗಿದ್ದವರು ಎದ್ದು ನಿಂತರು. ಮುಂದಿನ ಕ್ಷಣ ಆ ಗ್ರೂಷಿಯ ಪಡೆ ಇವರ ಮೇಲೆಯೇ ಗುಂಡು ಹಾರಿಸಿತು. ಅದು ಪ್ರಷ್ಯನ್ನರ ಇನ್ನೊಂದು ದಳ. ಮೋಸ ಅಂತ ಕೂಗೆದ್ದಿತು. ಅದೇ ಹೊತ್ತಿಗೆ ದಿಣ್ಣೆ ಮೇಲಿಂದ, ಎಂದೂ ಹಿಮ್ಮೆಟ್ಟದ ಖಾಸಾ ಪಡೆ ಹಿಂದೆ ಬರುತ್ತಿದೆ ಅನ್ನುವ ಸುದ್ದಿ. ಅಲ್ಲಿಗೆ ಮುಗಿಯಿತು, ಬದುಕಿದರೆ ಸಾಕು ಅಂತ ಓಟ. ಜೆನಾಪ್‌ನಲ್ಲಿ ಚಕ್ರವರ್ತಿ ತನ್ನ ಗಾಡಿ ಬಿಟ್ಟು ಕುದುರೆ ಹತ್ತಿ ಪರಾರಿಯಾದ. ಮಾಣಿ ಕಿವಿಗೊಟ್ಟು ಕೇಳಿದ್ದ ಅದೇ ಜೆನಾಪ್.

ಜೂನ್ 22ಕ್ಕೆ ಪ್ಯಾರಿಸ್‌ನಲ್ಲಿ ಎರಡನೇ ಸಲ ಪಟ್ಟ ಬಿಟ್ಟ. ಜುಲೈ 15ಕ್ಕೆ ರೋಶ್‌ಫೋರ್ ಬಂದರಿನ ಹತ್ತಿರ ಬೆಲೆರೋಫಾನ್ ಅನ್ನುವ ಬ್ರಿಟಿಷ್ ಹಡಗು ಹತ್ತಿ ಶರಣಾದ. ಅಕ್ಟೋಬರಿನಲ್ಲಿ ಸೇಂಟ್ ಹೆಲೆನಾ ದ್ವೀಪಕ್ಕೆ ತಂದು ಬಿಟ್ಟರು, 1821ರ ಮೇ 5ಕ್ಕೆ ಅಲ್ಲೇ ಸತ್ತ.

ಇಲ್ಲಿ ನಮ್ಮೂರಿನ ಎಳೆಯೊಂದಿದೆ. ವೆಲಿಂಗ್ಟನ್‌ನನ್ನು ನೆಪೋಲಿಯನ್ ಸಿಪಾಯಿ ಜನರಲ್ ಅಂತ ಹಂಗಿಸುತ್ತಿದ್ದ. ಆ ಸಿಪಾಯಿಗಿರಿ ಕಲಿತದ್ದು ಶ್ರೀರಂಗಪಟ್ಟಣದಲ್ಲಿ. 1799ರಲ್ಲಿ ಸುಲ್ತಾನ್‌ಪೇಟೆ ತೋಪಿನಲ್ಲಿ ರಾತ್ರಿ ದಾಳಿ ಮಾಡಲು ಹೋಗಿ ಕತ್ತಲಲ್ಲಿ ದಾರಿ ತಪ್ಪಿ ಪೆಟ್ಟು ತಿಂದ ಕರ್ನಲ್ ವೆಲ್ಲೆಸ್ಲಿಯೇ ಮುಂದಿನ ವೆಲಿಂಗ್ಟನ್. ಟಿಪ್ಪು ಸತ್ತ ಮೇಲೆ ದರಿಯಾ ದೌಲತ್‌ನಲ್ಲಿ ವಾಸವಿದ್ದ. ಅದೇ ವರ್ಷದ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಬರೆದ ಕಾಗದ ದಾರಿಯಲ್ಲೇ ಬ್ರಿಟಿಷರಿಗೆ ಸಿಕ್ಕಿಬಿದ್ದಿತ್ತು. ಹದಿನಾರು ವರ್ಷ ಮೊದಲೇ ಶುರು ನೋಡಿ ಈ ಕಾಗದದ ಗ್ರಹಚಾರ. ಇಂಡಿಯಾದಿಂದ ವಾಪಸ್ ಹೋಗುವಾಗ, 1805ರಲ್ಲಿ, ವೆಲ್ಲೆಸ್ಲಿ ಸೇಂಟ್ ಹೆಲೆನಾದಲ್ಲಿ ತಂಗಿದ್ದ. ಹತ್ತು ವರ್ಷದ ನಂತರ ನೆಪೋಲಿಯನ್‌ನನ್ನು ಮೊದಲ ಕೆಲವು ವಾರ ಇರಿಸಿದ್ದೂ ವೆಲ್ಲೆಸ್ಲಿ ತಂಗಿದ್ದ ಅದೇ ಜಾಗದಲ್ಲಿ, ಬಾಲ್ಕಂ ಅನ್ನುವವರ ಮನೆ ಆವರಣದಲ್ಲಿ. 1816ರಲ್ಲಿ ವೆಲಿಂಗ್ಟನ್ ಪ್ಯಾರಿಸ್‌ನಿಂದ ಅಲ್ಲಿನ ನೌಕಾಧಿಕಾರಿಗೆ ತಮಾಷೆಯಾಗಿ ಬರೆದ, ಅವನ ಅರಮನೆ ಕೋಣೆಗಳು ನನಗೆ ಅನುಕೂಲವಾಗಿವೆ, ನನ್ನವು ಅವನಿಗೆ ಹಿಡಿಸಿವೆ ಅಂದುಕೊಳ್ಳುತ್ತೇನೆ ಅಂತ ತಿಳಿಸಿ.

ದ್ವೀಪದಲ್ಲಿ ಕೂತು ನೆಪೋಲಿಯನ್ ತನ್ನ ನೆನಪುಗಳನ್ನು ಬರೆಸಿದ. ಅದರಲ್ಲಿ ಜೂನ್ 17ರ ರಾತ್ರಿ ಗ್ರೂಷಿಗೆ ಕಳಿಸಿದೆ ಅಂತ ಹೇಳುವ ಒಂದು ಆದೇಶ ಬರುತ್ತದೆ. ಬೆಳಗಾಗುವ ಮೊದಲು 7,000 ಜನ, 16 ಫಿರಂಗಿಗಳನ್ನು ಸಾಂ ಲಾಂಬೆರ್‌ಗೆ ಕಳಿಸು ಅಂತ. ಎಷ್ಟು ಜನ, ಎಷ್ಟು ಫಿರಂಗಿ, ಯಾವ ಊರು, ಎಷ್ಟು ಹೊತ್ತಿಗೆ, ಎಲ್ಲ ಇದೆ. ಬ್ಯೂಲೋ ಬಂದ ದಾರಿಗೇ ಸರಿಯಾಗಿ ಅಡ್ಡ. ಆ ನಾಲ್ಕು ದಿನಗಳಲ್ಲಿ ಅವನ ಕಡೆಯಿಂದ ಹೊರಟ ಯಾವ ಆದೇಶವೂ ಇಷ್ಟು ಬಿಡಿಸಿಟ್ಟ ಹಾಗಿರಲಿಲ್ಲ. ಅಂಥದ್ದೊಂದು ಬರಲೇ ಇಲ್ಲ ಅಂದ ಗ್ರೂಷಿ. ಸೈನ್ಯದ ಕಾಗದಪತ್ರಗಳಲ್ಲಿ ಅದರ ಸುಳಿವು ಸಿಗಲಿಲ್ಲ, ಒಯ್ದ ಸವಾರನೂ ಸಿಗಲಿಲ್ಲ. ಅದನ್ನು ವಾವ್ರ್‌ನ ಬಿಡಾರಕ್ಕೆ ಕಳಿಸಿದ್ದು ಅಂತ ಬರೆಸಿದ್ದಾನೆ. ಆ ರಾತ್ರಿ ಗ್ರೂಷಿ ಇದ್ದದ್ದು ಜೆಂಬ್ಲುವಿನಲ್ಲಿ.